ವಿಮಾ ಕಂತು ಕಟ್ಟಿದ ಮೇಲಿನ ಕೆಲಸ

ಬೆಳೆ ವಿಮೆಗೆ ನೋಂದಣಿ ಮಾಡಿಸಲು ಕೊನೆಯ ದಿನಾಂಕ ಯಾವುದು ಎಂಬುದನ್ನು ಊರೂರಿಗೂ ಡಂಗುರ ಹೊಡೆದು ತಿಳಿಸುತ್ತಾರೆ. ನೋಂದಣಿಯಾದ ಬಳಿಕ ಏನೇನು ನಡೆಯುತ್ತದೆ ಎಂಬುದನ್ನು ಮಾತ್ರ ಹೇಳುವವರು ಕಡಿಮೆ. ಆದರೆ ಪರಿಹಾರ ಸಿಗುತ್ತದೆಯೋ ಇಲ್ಲವೋ ಎಂಬುದು ತೀರ್ಮಾನವಾಗುವುದು ಆ ನಂತರದ ತಿಂಗಳುಗಳಲ್ಲಿಯೇ. ಮಳೆಯಾಶ್ರಿತ ಬೇಸಾಯದ ಕುಟುಂಬದಿಂದ ಬಂದು, ಅಕ್ಕಪಕ್ಕದ ರೈತರ ಅರ್ಜಿಗಳನ್ನು ನೋಡಿಕೊಡುತ್ತಾ ಬಂದಿರುವ ನನಗೆ ಈ ವಿಷಯವನ್ನು ತುಸು ವಿವರವಾಗಿ ಬರೆಯುವುದು ಅಗತ್ಯವೆನಿಸಿದೆ.

2016ರ ಮುಂಗಾರಿನಿಂದ ಜಾರಿಯಲ್ಲಿರುವ ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ರೈತರು ಮುಂಗಾರಿನ ಆಹಾರ ಮತ್ತು ಎಣ್ಣೆಕಾಳು ಬೆಳೆಗಳಿಗೆ ವಿಮಾ ಮೊತ್ತದ ಗರಿಷ್ಠ ಶೇ. 2, ಹಿಂಗಾರಿಗೆ ಶೇ. 1.5, ವಾಣಿಜ್ಯ ಮತ್ತು ತೋಟಗಾರಿಕೆ ಬೆಳೆಗಳಿಗೆ ಶೇ. 5ರಷ್ಟು ಕಂತು ಕಟ್ಟಬೇಕು. ಉಳಿದುದನ್ನು ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ಭರಿಸುತ್ತವೆ. ಬೆಳೆ ಸಾಲ ಪಡೆದವರಿಗೆ ಮೊದಲು ಇದು ಕಡ್ಡಾಯವಾಗಿತ್ತು. 2020ರ ಮುಂಗಾರಿನಿಂದ ಅವರಿಗೂ ಐಚ್ಛಿಕವಾಗಿದೆ, ಆದರೆ ಬೇಡವೆನ್ನುವವರು ಕೊನೆಯ ದಿನಾಂಕಕ್ಕೆ ಏಳು ದಿನ ಮೊದಲೇ ಬ್ಯಾಂಕಿಗೆ ಬರವಣಿಗೆಯಲ್ಲಿ ತಿಳಿಸಬೇಕು. ಇಷ್ಟು ಸಾಮಾನ್ಯವಾಗಿ ಎಲ್ಲರಿಗೂ ಗೊತ್ತಿರುವ ಸಂಗತಿ.

ಗೊತ್ತಿಲ್ಲದ್ದು, ಅಥವಾ ಗೊತ್ತಿದ್ದರೂ ಮನಸ್ಸು ಒಪ್ಪದ್ದು, ಈ ವಿಮೆ ಮೂಲತಃ ನಮ್ಮ ಹೊಲದ ವಿಮೆಯಲ್ಲ ಎಂಬುದು. ಮುಖ್ಯ ಬೆಳೆಗಳಿಗೆ ಗ್ರಾಮ ಪಂಚಾಯಿತಿಯೂ ಇತರ ಬೆಳೆಗಳಿಗೆ ಹೋಬಳಿಯೂ ವಿಮಾ ಘಟಕ. ಹಿಂದಿನ ಏಳು ವರ್ಷಗಳಲ್ಲಿ ಇಳುವರಿ ಚೆನ್ನಾಗಿ ಬಂದ ಐದು ವರ್ಷಗಳ ಸರಾಸರಿ ತೆಗೆದು, ಅದರ ಶೇ. 70, 80 ಅಥವಾ 90ರಷ್ಟನ್ನು ಆ ಘಟಕದ ಖಾತರಿ ಇಳುವರಿಯೆಂದು ನಿಗದಿ ಮಾಡುತ್ತಾರೆ. ಈ ವರ್ಷದ ಇಳುವರಿ ಅದಕ್ಕಿಂತ ಎಷ್ಟು ಪಾಲು ಕಡಿಮೆಯೋ ವಿಮಾ ಮೊತ್ತದ ಅಷ್ಟು ಪಾಲು ಪರಿಹಾರ. ಖಾತರಿ ಇಳುವರಿ ಹೆಕ್ಟೇರಿಗೆ 10 ಕ್ವಿಂಟಲ್ ಇದ್ದು, ಪಂಚಾಯಿತಿಯ ಇಳುವರಿ 6 ಕ್ವಿಂಟಲ್ ಎಂದು ಬಂದರೆ, 50,000 ರೂಪಾಯಿಯ ವಿಮಾ ಮೊತ್ತಕ್ಕೆ 20,000 ರೂಪಾಯಿ ಬರುತ್ತದೆ. ನಮ್ಮ ಹೊಲ ಪೂರ್ತಿ ಒಣಗಿದ್ದರೂ ಪಂಚಾಯಿತಿಯ ಸರಾಸರಿ ಚೆನ್ನಾಗಿದ್ದರೆ ಏನೂ ಬರುವುದಿಲ್ಲ. ಮೇಲಿಂದ ಮೇಲೆ ಬರ ಬೀಳುವ ಕಡೆ ಹಿಂದಿನ ವರ್ಷಗಳ ಸರಾಸರಿಯೇ ಕುಸಿದಿರುವುದರಿಂದ ಖಾತರಿಯೂ ಕುಸಿಯುತ್ತದೆ. ಹೆಚ್ಚು ನೊಂದವರಿಗೆ ಕಡಿಮೆ ರಕ್ಷಣೆ ಸಿಗುವ ಈ ಲೆಕ್ಕಾಚಾರ ನನ್ನ ದೃಷ್ಟಿಯಲ್ಲಿ ಯೋಜನೆಯ ದೊಡ್ಡ ದೋಷ.

ಹಾಗಾದರೆ ಪಂಚಾಯಿತಿಯ ಇಳುವರಿಯನ್ನು ಅಳೆಯುವುದು ಹೇಗೆ? ಬೆಳೆ ಕಟಾವು ಪ್ರಯೋಗದಿಂದ. ಒಂದು ಗ್ರಾಮ ಪಂಚಾಯಿತಿಯಲ್ಲಿ ಒಂದು ಬೆಳೆಗೆ ಕನಿಷ್ಠ ನಾಲ್ಕು ಪ್ರಯೋಗ. ಸರ್ವೆ ನಂಬರುಗಳನ್ನು ಯಾರ ಇಷ್ಟಾನಿಷ್ಟಕ್ಕೂ ಬಿಡದೆ ಮೊದಲೇ ಆರಿಸಿರುತ್ತಾರೆ. ಸಿಬ್ಬಂದಿ ಹೊಲದ ಒಂದು ಮೂಲೆಯಿಂದ ತಮಗೆ ಕೊಟ್ಟ ಸಂಖ್ಯೆಯಷ್ಟು ಹೆಜ್ಜೆ ಉದ್ದಕ್ಕೂ ಅಗಲಕ್ಕೂ ನಡೆದು, ನಿಂತ ಕಡೆ ಗೂಟ ಬಡಿದು ಹಗ್ಗ ಬಿಗಿಯುತ್ತಾರೆ. ಭತ್ತದಂತಹ ಬೆಳೆಗಳಿಗೆ ಆ ಚೌಕ ಐದು ಮೀಟರ್ ಉದ್ದ, ಐದು ಮೀಟರ್ ಅಗಲ. ಹಗ್ಗದ ಒಳಗಿನ ಪೈರನ್ನಷ್ಟೇ ಕೊಯ್ದು, ಬಡಿದು, ತೂರಿ, ತೂಕ ಹಾಕಿ, ಅಂಕಿ ಮತ್ತು ಛಾಯಾಚಿತ್ರಗಳನ್ನು ಮೊಬೈಲಿನಲ್ಲಿ ದಾಖಲಿಸುತ್ತಾರೆ. ನೂರಾರು ಕುಟುಂಬಗಳ ಪರಿಹಾರ ಇಂತಹ ನಾಲ್ಕು ತುಂಡು ನೆಲದ ಮೇಲೆ ನಿಂತಿದೆ. ಹಗ್ಗದ ಅಂಚಿನಲ್ಲಿ ನಿಂತ ತೆನೆ ಒಳಗಿನದೋ ಹೊರಗಿನದೋ, ತೂಕ ಹಾಕಿದ ಕಾಳು ಹಸಿಯೋ ಒಣಗಿದ್ದೋ ಎಂಬಂತಹ ಸಣ್ಣ ಸಂಗತಿಗಳೂ ಅಂಕಿಯನ್ನು ಬದಲಿಸುತ್ತವೆ. ಆದ್ದರಿಂದ ತಮ್ಮ ಪಂಚಾಯಿತಿಯಲ್ಲಿ ಪ್ರಯೋಗ ಯಾವ ಹೊಲದಲ್ಲಿ, ಯಾವ ದಿನ ಎಂದು ಕೃಷಿ ಇಲಾಖೆ ಅಥವಾ ಗ್ರಾಮ ಆಡಳಿತಾಧಿಕಾರಿಯನ್ನು ವಿಚಾರಿಸಿ, ನಾಲ್ಕಾರು ರೈತರು ಅಲ್ಲಿಗೆ ಹೋಗಿ ಶಾಂತವಾಗಿ ನಿಂತು ನೋಡಬೇಕೆಂಬುದು ನನ್ನ ಕಳಕಳಿಯ ವಿನಂತಿ. ಅದು ಜಗಳಕ್ಕಲ್ಲ, ನೋಡುವವರಿದ್ದರೆ ಪ್ರಾಮಾಣಿಕ ಸಿಬ್ಬಂದಿಗೂ ಬಲ ಬರುತ್ತದೆ.

ವೈಯಕ್ತಿಕ ನಷ್ಟಕ್ಕೆ ಯೋಜನೆಯಲ್ಲಿ ಜಾಗವೇ ಇಲ್ಲವೆಂದಲ್ಲ. ಆಲಿಕಲ್ಲು ಮಳೆ, ಭೂಕುಸಿತ, ಮೇಘಸ್ಫೋಟ, ಹಲವು ಬೆಳೆಗಳಿಗೆ ಮುಳುಗಡೆ, ಇವುಗಳಿಂದ ಹಾನಿಯಾದರೆ ಆಯಾ ಹೊಲದ ನಷ್ಟವನ್ನೇ ಅಂದಾಜು ಮಾಡುತ್ತಾರೆ. ಕೊಯ್ದು ಒಣಗಲು ಹರವಿದ ಬೆಳೆ 14 ದಿನಗಳೊಳಗೆ ಅಕಾಲಿಕ ಮಳೆಗೆ ಸಿಕ್ಕಿದರೂ ಹೀಗೆಯೇ. ಆದರೆ ಎರಡರಲ್ಲಿಯೂ 72 ಗಂಟೆಗಳೊಳಗೆ 14447 ಸಹಾಯವಾಣಿಗೆ, ವಿಮಾ ಸಂಸ್ಥೆಗೆ ಅಥವಾ ಕೃಷಿ ಇಲಾಖೆಗೆ ತಿಳಿಸಬೇಕು. ಹಾನಿಯಾದ ದಿನ ಮನೆಯವರೆಲ್ಲ ದಿಕ್ಕು ತೋಚದೆ ಕುಳಿತಿರುವಾಗ ಈ ಗಡುವು ಕಳೆದುಹೋಗುವುದೇ ಹೆಚ್ಚು. ಅರ್ಜಿಯ ಸ್ವೀಕೃತಿ ಸಂಖ್ಯೆಯ ಜೊತೆಗೆ ಸಹಾಯವಾಣಿಯ ಸಂಖ್ಯೆಯನ್ನೂ ಮನೆಯ ಗೋಡೆಯ ಮೇಲೆ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಇನ್ನೊಂದು ತೊಡಕು ಬೆಳೆ ಸಮೀಕ್ಷೆಯದು. ವಿಮೆ ಮಾಡಿಸಿದ ಬೆಳೆ ತೊಗರಿಯಾಗಿದ್ದು, ಸಮೀಕ್ಷೆಯಲ್ಲಿ ಆ ಸರ್ವೆ ನಂಬರಿಗೆ ಹೆಸರುಕಾಳು ಎಂದೋ ಪಾಳು ಎಂದೋ ದಾಖಲಾಗಿದ್ದರೆ, ವಿಮೆಯ ಅರ್ಜಿಯೇ ತಿರಸ್ಕೃತವಾಗಬಹುದು. ಅಕ್ಕಡಿ ಸಾಲು ಬಿತ್ತುವವರಿಗೆ, ಅಂದರೆ ಒಂದೇ ತಾಕಿನಲ್ಲಿ ಎರಡು ಮೂರು ಬೆಳೆ ತೆಗೆಯುವವರಿಗೆ, ಈ ಅಪಾಯ ಹೆಚ್ಚು. ರಾಜ್ಯದ ಬೆಳೆ ಸಮೀಕ್ಷೆ ಆ್ಯಪಿನಲ್ಲಿ ರೈತರೇ ತಮ್ಮ ಬೆಳೆಯನ್ನು ದಾಖಲಿಸಬಹುದು; ದಾಖಲಾಗಿರುವುದನ್ನು ಬೆಳೆ ದರ್ಶಕ್ ಆ್ಯಪಿನಲ್ಲಿ ನೋಡಿ, ತಪ್ಪಿದ್ದರೆ ಅವಧಿಯೊಳಗೆ ಆಕ್ಷೇಪಣೆ ಸಲ್ಲಿಸಬಹುದು. ಸ್ಮಾರ್ಟ್‌ಫೋನ್ ಇಲ್ಲದ ಹಿರಿಯರಿಗೆ ಮನೆಯ ಮಕ್ಕಳು ಇದೊಂದನ್ನು ಮಾಡಿಕೊಟ್ಟರೆ ಸಾಕು.

ಬೆಳೆ ವಿಮೆಯನ್ನು ಬರ ಪರಿಹಾರದೊಂದಿಗೆ ಬೆರೆಸಿಕೊಳ್ಳುವುದೂ ಸಾಮಾನ್ಯ. 2023ರ ಬರದಲ್ಲಿ ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಿದಾಗ ಬಂದ ಪರಿಹಾರ ವಿಪತ್ತು ನಿಧಿಯದು. ಆಗ ಅದರ ಮಾನದಂಡ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ಗರಿಷ್ಠ ಎರಡು ಹೆಕ್ಟೇರಿಗೆ. ವಿಮೆ ಮಾಡಿಸದವರಿಗೂ ಅದು ಸಿಗುತ್ತದೆ, ಮತ್ತು ಅದು ಬಂದಿತೆಂಬ ಕಾರಣಕ್ಕೆ ವಿಮೆಯ ಹಣ ತಪ್ಪುವುದಿಲ್ಲ.

ಸರ್ಕಾರದಿಂದ ನಾನು ಬಯಸುವುದು ದೊಡ್ಡ ಅನುದಾನವನ್ನೇನಲ್ಲ. ಪ್ರತಿ ಬೆಳೆಯ ಖಾತರಿ ಇಳುವರಿಯನ್ನು ನೋಂದಣಿಗೆ ಮೊದಲೇ ಗ್ರಾಮ ಪಂಚಾಯಿತಿಯ ಸೂಚನಾ ಫಲಕದಲ್ಲಿ ಹಾಕಲಿ. ಕಟಾವು ಪ್ರಯೋಗಗಳು ಮುಗಿದ ಬಳಿಕ ಯಾವ ಸರ್ವೆ ನಂಬರಿನಲ್ಲಿ ಎಷ್ಟು ತೂಕ ಬಂದಿತೆಂಬುದನ್ನು ಅದರ ಪಕ್ಕದಲ್ಲಿಯೇ ಬರೆಯಲಿ. ತಿರಸ್ಕೃತವಾದ ಅರ್ಜಿಗಳ ಪಟ್ಟಿಯನ್ನು ಕಾರಣಸಹಿತ ಕನ್ನಡದಲ್ಲಿ ಪ್ರಕಟಿಸಿ, ಆಕ್ಷೇಪಣೆಗೆ ಸಾಕಷ್ಟು ಸಮಯ ಕೊಡಲಿ.