ಚಿತ್ರದುರ್ಗದ ಬಂಡೆಗಳ ನಡುವೆ ಒಂದು ಫೀಲ್ಡ್ ದಿನ

ಎಂ.ಎಸ್ಸಿ. ಭೂವಿಜ್ಞಾನದ ಮ್ಯಾಪಿಂಗ್ ಕೆಲಸಕ್ಕೆಂದು ಚಿತ್ರದುರ್ಗಕ್ಕೆ ಬಂದವರು ಬೆಳಿಗ್ಗೆ ಏಳರೊಳಗೆ ಬಂಡೆಯ ಮುಂದಿರಬೇಕು. ಎಳೆಬಿಸಿಲು ಓರೆಯಾಗಿ ಬೀಳುವಾಗ ಪದರಗಳ ಗೆರೆ ಎದ್ದು ಕಾಣುತ್ತದೆ. ನೆತ್ತಿಯ ಬಿಸಿಲಿಗೆ ಎಲ್ಲವೂ ಒಂದೇ ಬಣ್ಣ.

ಕಲ್ಲು ಇದ್ದಲ್ಲೇ ಇದೆಯೋ, ಉರುಳಿ ಬಂದದ್ದೋ ಎಂಬುದು ಮೊದಲು ತೀರ್ಮಾನವಾಗಬೇಕು. ಉರುಳಿದ ಗುಂಡಿನ ಮೇಲೆ ತೆಗೆದ ರೀಡಿಂಗ್ ನಕ್ಷೆಯನ್ನೇ ಕೆಡಿಸುತ್ತದೆ. ಪದರದ ಮೇಲೆ ನೋಟ್‌ಬುಕ್ ಮಲಗಿಸಿದರೆ ಉಬ್ಬುತಗ್ಗು ಸರಿದೂಗುತ್ತದೆ. ಬ್ರಂಟನ್‌ನ (ಇಳಿಜಾರನ್ನೂ ಅಳೆಯುವ ದಿಕ್ಸೂಚಿ) ಅಂಚನ್ನು ಅದಕ್ಕೆ ತಾಗಿಸಿ, ಮಟ್ಟ ತೋರಿಸುವ ದುಂಡು ಗುಳ್ಳೆ ನಡುವಿಗೆ ಬಂದಾಗ ಸ್ಟ್ರೈಕ್, ಅಂದರೆ ಪದರದ ಮೇಲಿನ ಸಮತಲ ಗೆರೆಯ ದಿಕ್ಕು, ಓದಬೇಕು. ಆ ಗೆರೆಗೆ ಲಂಬವಾಗಿ ಬ್ರಂಟನ್ ಅನ್ನು ಮಗ್ಗುಲಾಗಿ ನಿಲ್ಲಿಸಿ, ಉದ್ದ ಗುಳ್ಳೆಯನ್ನು ಹೊಂದಿಸಿದರೆ ಡಿಪ್, ಅಂದರೆ ಪದರದ ಇಳಿಜಾರು, ಸಿಗುತ್ತದೆ. ಡಯಲ್‌ನಲ್ಲಿ ಪೂರ್ವ, ಪಶ್ಚಿಮ ಅದಲುಬದಲಾಗಿರುವುದನ್ನು ಕಂಡು ಹೊಸಬರು ಗಾಬರಿಯಾಗುತ್ತಾರೆ. ಮುಳ್ಳು ನಿಂತಲ್ಲೇ ದಿಕ್ಕು ಓದಲೆಂದೇ ಅದನ್ನು ಹಾಗೆ ಮಾಡಿರುವುದು. ಡಿಪ್‌ನ ಕೋನ ಬರೆದು, ಇಳಿಜಾರು ಯಾವ ಕಡೆಗೆಂದು ಬರೆಯದಿದ್ದರೆ ಆ ರೀಡಿಂಗ್ ದಂಡ.

ಕಬ್ಬಿಣದ ಅದಿರಿನ ಪಟ್ಟೆಕಲ್ಲಿನ ಬಳಿ ಬ್ರಂಟನ್ ಅನ್ನು ನಂಬುವಂತಿಲ್ಲ. ಅದರಲ್ಲಿರುವ ಮ್ಯಾಗ್ನೆಟೈಟ್ ಎಂಬ ಕಾಂತೀಯ ಖನಿಜ ಮುಳ್ಳನ್ನು ತನ್ನತ್ತ ಎಳೆಯುತ್ತದೆ. ಒಂದು ಗುರುತಿನಿಂದ ಇನ್ನೊಂದಕ್ಕೆ ನೋಡಿ, ಅಲ್ಲಿಂದ ತಿರುಗಿ ನೋಡಿದಾಗ 180 ಡಿಗ್ರಿ ವ್ಯತ್ಯಾಸ ಬರದಿದ್ದರೆ ಸೆಳೆತವಿದೆ ಎಂದರ್ಥ. ಸೊಂಟದ ಸುತ್ತಿಗೆಯೂ ಇದೇ ಕೆಲಸ ಮಾಡುತ್ತದೆ, ಅದನ್ನು ದೂರ ಇಡಿ.

ಮರಡಿಹಳ್ಳಿಯಲ್ಲಿ ಸುತ್ತಿಗೆ ಚೀಲ ಬಿಟ್ಟು ಹೊರಬರಲೇಬಾರದು. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ನೀರಿನಡಿ ಉಕ್ಕಿದ ಲಾವಾ ದಿಂಬಿನಾಕಾರದಲ್ಲಿ ಒಂದರ ಮೇಲೊಂದು ಹೆಪ್ಪುಗಟ್ಟಿದ ಜಾಗ. ದಿಂಬಿನ ಮೇಲ್ಭಾಗ ಉಬ್ಬಿರುತ್ತದೆ; ಕೆಳಗಿನ ಎರಡು ದಿಂಬುಗಳ ಸಂದಿಗೆ ಇಳಿದ ಚೂಪು ಬಾಲ ಮೂಲ ತಳವನ್ನು ತೋರಿಸುತ್ತದೆ. ಪದರ ಕಡಿದಾಗಿ ನಿಂತಲ್ಲಿ, ಮಗುಚಿಬಿದ್ದಲ್ಲಿ, ಯಾವುದು ಹಳತು ಯಾವುದು ಹೊಸತು ಎಂಬುದನ್ನು ಡಿಪ್ ಹೇಳುವುದಿಲ್ಲ. ಈ ಬಾಲ ಹೇಳುತ್ತದೆ. ಒಂದೆರಡು ದಿಂಬು ನೋಡಿ ನಿರ್ಧರಿಸಬೇಡಿ. ಒತ್ತಡಕ್ಕೆ ಸಿಕ್ಕು ಚಪ್ಪಟೆಯಾದವು ಮೋಸ ಮಾಡುತ್ತವೆ, ಹತ್ತಾರನ್ನು ನೋಡಬೇಕು.

ಮಾದರಿ ಕಲ್ಲನ್ನು ಬೇರೆಡೆ ಮುಷ್ಟಿಗಾತ್ರಕ್ಕೆ, ಶಿಥಿಲ ಸಿಪ್ಪೆ ತೆಗೆದು ಒಡೆದುಕೊಳ್ಳಿ. ಕ್ರಮಸಂಖ್ಯೆ ಕಲ್ಲಿನ ಮೇಲೂ ಚೀಲದ ಮೇಲೂ ಇರಲಿ, ಚೀಲದ ಶಾಯಿ ಉಜ್ಜಿ ಹೋಗುತ್ತದೆ. ಥಿನ್ ಸೆಕ್ಷನ್‌ಗೆ (ಸೂಕ್ಷ್ಮದರ್ಶಕದಲ್ಲಿ ನೋಡುವ ತೆಳು ಬಿಲ್ಲೆ) ಆ ಕಲ್ಲನ್ನು 0.03 ಮಿಲಿಮೀಟರ್‌ವರೆಗೆ ಸವೆಸಬೇಕು. ಕ್ರಾಸ್ ಪೋಲಾರ್‌ನಲ್ಲಿ (ಸೂಕ್ಷ್ಮದರ್ಶಕದ ಎರಡು ಧ್ರುವಕಗಳನ್ನು ಒಂದಕ್ಕೊಂದು ಅಡ್ಡ ಇಟ್ಟು ನೋಡಿದಾಗ) ಕ್ವಾರ್ಟ್ಜ್ ಹಳದಿಯಾಗಿ ಕಂಡರೆ ಇನ್ನೂ ದಪ್ಪವಿದೆ, ಬೂದು ಬಣ್ಣಕ್ಕೆ ಬಂದಾಗ ನಿಲ್ಲಿಸಿ.