ಕಾಡಿಗೆ ಬೆಂಕಿ ಹಾಕ್ತಿದ್ದ ತಾತ

"ಕಾಡಿಗೆ ನಾವೇ ಬೆಂಕಿ ಹಾಕ್ತಿದ್ದೊ ಕಣ್ ಮಗ" ಅಂತ ತಾತ ಅಂದ ತಕ್ಷಣ ನಾನು ಆಕಡೆ ಈಕಡೆ ನೋಡ್ದೆ, ಗಾರ್ಡ್ ಯಾರಾದ್ರೂ ಹತ್ರದಲ್ಲಿದಾರಾ ಅಂತ. ತಾತ ನಕ್ಬಿಟ್ರು. ಬಿಳಿಗಿರಿರಂಗನ ಬೆಟ್ಟದ ಒಂದು ಪೋಡು (ಕಾಡಿನ ಸೋಲಿಗ ಬುಡಕಟ್ಟಿನೋರ ಹಾಡಿ), ಸ್ನೇಹಿತನ ಮನೆ ಜಗಲಿ, ಕೈಲಿ ಅವ್ರೇ ಬೆಳೆದ ಕಾಫಿ. ಹೋಗಿದ್ದು ಜೇನಿನ ಬಗ್ಗೆ ಕೇಳೋಣ ಅಂತ, ಮಾತು ಹೋಗಿದ್ದು ಬೆಂಕಿ ಕಡೆಗೆ.

ನಮ್ಮಮ್ಮನ ಊರು ಯಳಂದೂರು ಕಡೆ. ಚಿಕ್ಕವಯಸ್ಸಲ್ಲಿ ಜಾತ್ರೆಗೆ ಬೆಟ್ಟ ಹತ್ತುವಾಗ ರೋಡ್ ಪಕ್ಕ ಸೀಗೆಕಾಯಿ, ನೆಲ್ಲಿಕಾಯಿ, ಬಾಟ್ಲಿಲಿ ಜೇನು ಇಟ್ಕೊಂಡು ಕೂತಿರೋರು ಸೋಲಿಗರು ಅಂತಷ್ಟೇ ಗೊತ್ತಿತ್ತು. ಬೆಟ್ಟದ ದೇವ್ರು ರಂಗಪ್ಪ ಅವ್ರಿಗೆ ಭಾವ ಆಗ್ಬೇಕು, ಅವ್ರ ಹುಡುಗಿ ಕುಸುಮಾಲೆನ ಮದ್ವೆ ಆದೋನು, ಅದಕ್ಕೇ ದೇವ್ರನ್ನೂ ಸಲಿಗೆಯಿಂದ ರೇಗಿಸ್ತಾರೆ ಅಂತ ಅಜ್ಜಿ ಹೇಳ್ತಿದ್ಲು. ಅಷ್ಟೇ ನನ್ ಜ್ಞಾನ.

ಈಗ ಬೆಂಕಿ ವಿಷ್ಯ. ಅದಕ್ಕೆ ಅವ್ರು ತರಗು ಬೆಂಕಿ ಅಂತಾರೆ. ತರಗು ಅಂದ್ರೆ ಉದುರಿದ ಒಣಗೆಲೆ. ಸಂಕ್ರಾಂತಿ ಆಸುಪಾಸು, ಇನ್ನೂ ಬೆಳಗಿನ ಇಬ್ಬನಿ ಇರ್ತದಲ್ಲ, ನೆಲ ಪೂರ್ತಿ ಒಣಗಿರಲ್ಲ, ಆಗ ಹಾಕೋದು. ಮೇಲಿನ ಎಲೆ, ಒಣಹುಲ್ಲು ಇಷ್ಟೇ ಉರೀತದೆ, ಬೆಂಕಿ ಮೊಣಕಾಲು ದಾಟಲ್ಲ, ನೆಲದ ಮೇಲೆ ನಿಧಾನಕ್ಕೆ ತೆವಳ್ಕೊಂಡು ಹೋಗಿ ತಣ್ಣಗಿರೋ ಕಡೆ ತಾನೇ ಆರಿಹೋಗ್ತದೆ. ದೊಡ್ಡ ಮರಕ್ಕೆ ತೊಗಟೆ ಸ್ವಲ್ಪ ಕರಕಲಾಗದು ಬಿಟ್ರೆ ಏನೂ ಆಗಲ್ಲ. ಆಮೇಲೆ ಒಂದು ಮಳೆ ಬಿದ್ರೆ ಸಾಕು, ಎಳೆ ಹುಲ್ಲು ಎದ್ದು ಜಿಂಕೆ ಕಡವೆ ಕಾಟಿ ಎಲ್ಲಾ ಅಲ್ಲಿಗೇ ಬರ್ತಾವೆ. ಉಣ್ಣಿ ಹುಳದ ಕಾಟ ಕಮ್ಮಿ. ಇನ್ನೊಂದು ತಾತ ತುಂಬಾ ಸೀರಿಯಸ್ಸಾಗಿ ಹೇಳಿದ್ದು, ಮುಂದೆ ಆನೆ ನಿಂತಿದ್ರೆ ದೂರದಿಂದ್ಲೇ ಕಾಣ್ತಿತ್ತು ಅಂತ. "ಈಗ ಆನೆ ಉಸಿರು ಮುಖಕ್ಕೆ ಬಡದ್ಮೇಲೇ ಗೊತ್ತಾಗದು."

ಯಾಕೆ ಅಂದ್ರೆ ಈಗ ಎಲ್ಲಿ ನೋಡಿದ್ರೂ ಲಾಂಟಾನಾ. ದಕ್ಷಿಣ ಅಮೆರಿಕಾ ಕಡೆಯ ಗಿಡ, ಇಂಗ್ಲಿಷ್ನೋರು ಹೂವು ಚಂದ ಅಂತ ತೋಟಕ್ಕೆ ತಂದಿದ್ದು, ಹಕ್ಕಿ ತಿಂದು ಬೀಜ ಎಲ್ಲಾ ಕಡೆ ಹಾಕ್ತು. ಹಿಂದೆ ತರಗು ಬೆಂಕಿ ಇದ್ದಾಗ ಸಸಿ ಇದ್ದಾಗ್ಲೇ ಸುಟ್ಟೋಗ್ತಿತ್ತು ಅಂತಾರೆ ಇವ್ರು. 1972ರ ವನ್ಯಜೀವಿ ಕಾಯ್ದೆ ಬಂತು, 1974ರಲ್ಲಿ ಬೆಟ್ಟ ಅಭಯಾರಣ್ಯ ಆಯ್ತು, ಬೇಟೆ ನಿಂತ್ತು, ಜಾಗ ಬದಲಾಯಿಸ್ಕೊಂಡು ಮಾಡ್ತಿದ್ದ ಕೊತ್ತುಕಾಡು ಬೇಸಾಯ ನಿಂತ್ತು, ಕಾಡೊಳಗಿದ್ದ ಪೋಡುಗಳನ್ನ ತಂದು ರೋಡ್ ಪಕ್ಕಕ್ಕೆ ಹಾಕಿದ್ರು, ಬೆಂಕಿ ಹಾಕೋದು ಅಪರಾಧ ಆಯ್ತು. ಬೆಟ್ಟದಲ್ಲಿ ಕೆಲಸ ಮಾಡೋ ಏಟ್ರೀ (ATREE) ಅನ್ನೋ ಪರಿಸರ ಸಂಸ್ಥೆಯ ಸಂಶೋಧಕರು ಲೆಕ್ಕ ಹಾಕಿದ್ದಾರೆ, 1997ರಿಂದ 2008ರ ಒಳಗೆ ಲಾಂಟಾನಾ ಹೆಚ್ಚುಕಮ್ಮಿ ಎರಡರಷ್ಟು ಜಾಗಕ್ಕೆ ಹಬ್ಬಿದೆ. ಬರೀ ಹನ್ನೊಂದು ವರ್ಷದಲ್ಲಿ!

ನೆಲ್ಲಿ ಕಥೆ ಇನ್ನೊಂದು. ನಮ್ಮ ಕಡೆ ಬಂದಳಿಕೆ ಅಂತೀವಲ್ಲ, ಮರದ ಮೇಲೇ ಬೇರು ಬಿಟ್ಟು ಮರದ ರಸ ಹೀರೋ ಗಿಡ, ನೆಲ್ಲಿ ಮೇಲೆ ಬರೋದನ್ನ ಸೋಲಿಗರು ಉಪ್ಪಿಲು ಅಂತಾರೆ. ಒಂದು ಪುಟಾಣಿ ಹಕ್ಕಿ ಅದರ ಹಣ್ಣು ತಿಂದು ಅಂಟಂಟು ಬೀಜನ ಕೊಂಬೆಗೆ ಒರೆಸಿ ಹೋಗ್ತದೆ, ಮುಗೀತು. ಉಪ್ಪಿಲು ಹಿಡಿದ ಮರ ಕಾಯಿ ಬಿಡೋದು ಕಮ್ಮಿ ಮಾಡಿ ನಿಧಾನಕ್ಕೆ ಸಾಯ್ತದೆ. ಬೆಂಕಿಯ ಕಾವು ತಾಗಿದ್ರೆ ಉಪ್ಪಿಲು ಒಣಗ್ತಿತ್ತು, ನೆಲ್ಲಿ ಮಾತ್ರ ಮತ್ತೆ ಚಿಗುರ್ತಿತ್ತು, ಇದು ತಾತನ ಮಾತು. ಉಪ್ಪಿಲು ಹೆಚ್ಚಾಗೋಕೆ ಬರೀ ಬೆಂಕಿ ನಿಂತಿದ್ದೇ ಕಾರಣನಾ ಅಂತ ವಿಜ್ಞಾನಿಗಳಲ್ಲಿ ಚರ್ಚೆ ಇದೆ, ಇರ್ಲಿ, ಆದ್ರೆ ಆ ಮರಗಳನ್ನ ಐವತ್ತು ವರ್ಷ ಹತ್ತಿ ಇಳಿದೋನ ಮಾತಿಗೂ ಒಂದು ತೂಕ ಇದೆ ಅಲ್ವಾ. ಎಲ್ಲಾ ಕಾಯಿ ಕಿತ್ಕೊಂಡ್ಬರಲ್ಲ ಅವ್ರು, ಒಂದಷ್ಟು ಜಿಂಕೆಗೆ, ಒಂದಷ್ಟು ಬೀಜಕ್ಕೆ ಅಂತ ಮರದಲ್ಲೇ ಬಿಡ್ತಾರೆ. ಹೆಜ್ಜೇನಿಗೂ ಅಷ್ಟೇ, ರಾತ್ರಿ ಹೊಗೆ ಹಾಕ್ಕೊಂಡು ಆ ಎತ್ತರದ ಮರ ಹತ್ತಿ ಜೇನುಹಟ್ಟಿ ಕೊಯ್ಯುವಾಗ ಮರಿಗೆ ಅಂತ ಒಂದು ಭಾಗ ಉಳಿಸ್ಲೇಬೇಕು. (ನಾನು ಎರಡನೇ ಮಹಡಿ ಟೆರೇಸ್ ಅಂಚಿಗೆ ಹೋದ್ರೆ ಕಾಲು ನಡುಗೋ ಆಸಾಮಿ.) ಅಂದಹಾಗೆ ಹೋದ್ಸಲ ತಂದ ಜೇನು ಕಹಿ ಇತ್ತು, ಅಮ್ಮ ಕಲಬೆರಕೆ ಅಂತ ಬೈದಿದ್ಲು. ಕೇಳಿದ್ರೆ ಅದು ನೇರಳೆ ಹೂವಿನ ಕಾಲದ ಜೇನಂತೆ, ಕಹಿನೇ ಇರೋದು ಅದು.

ಕಾನೂನಿನ ಕಥೆ ಕೇಳಿದ್ರೆ ನಗಬೇಕೋ ಅಳಬೇಕೋ ಗೊತ್ತಾಗಲ್ಲ. 2006ರಲ್ಲಿ ಜೇನು, ನೆಲ್ಲಿ, ಪಾಚಿ ಯಾವ್ದನ್ನೂ ಮಾರೋಕೆ ಕಾಡಿಂದ ತರಂಗಿಲ್ಲ ಅಂತ ನಿಲ್ಸಿದ್ರು, ಅದೇ 2006ರಲ್ಲಿ ಡೆಲ್ಲೀಲಿ ಕಾಡಿನ ಜನಕ್ಕೆ ಕಾಡಿನ ಮೇಲೆ ಹಕ್ಕು ಕೊಡೋ ಅರಣ್ಯ ಹಕ್ಕು ಕಾಯ್ದೆ ಪಾಸಾಯ್ತು. 2011ರ ಶುರುವಲ್ಲಿ ಹುಲಿ ಮೀಸಲು ಅಂತ ಘೋಷಣೆ, ಅದೇ ವರ್ಷ ಗಾಂಧಿ ಜಯಂತಿ ದಿನ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ಪತ್ರ. ಹುಲಿ ಕಾಡಿನೊಳಗೆ ಇಂಥ ಹಕ್ಕು ಸಿಕ್ಕಿದ್ದು ದೇಶದಲ್ಲೇ ಮೊದಲು. ಹಂಗಾಗಿ ಜೇನು ನೆಲ್ಲಿ ವಾಪಸ್ ಬಂತು. ಬೆಂಕಿ ಬರ್ಲಿಲ್ಲ. ನನಗನ್ಸೋದು, ಸಾಹೇಬ್ರುಗಳಿಗೆ ಕಾಡಿಂದ ಏನೋ ತಗೊಂಡ್ಹೋಗೋ ಜನ ಅರ್ಥ ಆಗ್ತಾರೆ, ಕಾಡನ್ನ ನೋಡ್ಕೋತಿದ್ದ ಜನ ಅಂದ್ರೆ ತಲೆಗೇ ಹತ್ತಲ್ಲ. ನನಗೂ ಹತ್ತಿರ್ಲಿಲ್ಲ ಬಿಡಿ, ಕಾಡು ಅಂದ್ರೆ ಯಾರೂ ಕೈ ಹಾಕದೇ ತಾನಾಗೇ ಬೆಳೆಯೋದು ಅಂತಾನೇ ನಾನೂ ಸ್ಕೂಲಲ್ಲಿ ಬರೆದು ಮಾರ್ಕ್ಸ್ ತಗೊಂಡಿದ್ದು.

ಹಂಗಾದ್ರೆ ಈಗ ಮತ್ತೆ ಶುರು ಮಾಡ್ಬೋದಲ್ವಾ ತಾತ ಅಂದೆ. ತಲೆ ಅಲ್ಲಾಡ್ಸಿದ್ರು. ಈಗ ಆಗಲ್ವಂತೆ. ಲಾಂಟಾನಾ ಆಳೆತ್ತರ ಬೆಳೆದು ಮರಕ್ಕೆ ಹತ್ಕೊಂಡಿದೆ, ಬೆಂಕಿ ಬಿದ್ರೆ ಅದನ್ನೇ ಏಣಿ ಮಾಡ್ಕೊಂಡು ತುದಿಗೆ ಹೋಗ್ತದೆ, ಮರನೇ ಉಳಿಯಲ್ಲ. "ಮೊದ್ಲು ಅದ್ನ ಕಡಿಬೇಕು, ಆಮೇಲೆ ತರಗು ಬೆಂಕಿ. ಗೊತ್ತಿರೋ ಮುದುಕ್ರು ಇನ್ನೆಷ್ಟ್ ಜನ ಇದ್ದರು ಹೇಳು."

ಸಾಯಂಕಾಲ ಪೋಡಿನ ಹಿಂದೆ ಸ್ವಲ್ಪ ದೂರ ಕರ್ಕೊಂಡ್ಹೋದ್ರು. ಒಂದೊಂದು ಕುಲಕ್ಕೂ ಕಾಡಲ್ಲಿ ಒಂದು ಯಲ್ಲೆ ಇರ್ತದೆ, ಅದರಲ್ಲಿ ಅವ್ರ ದೇವ್ರು, ಮಾರಮ್ಮ, ಹಿರೀಕರ ಕಲ್ಲು, ಅಬ್ಬಿ ಎಲ್ಲಾ. ಕೈ ತೋರ್ಸಿ ಅಕೋ ಅಲ್ಲಿ ನಮ್ ದೇವ್ರು ಅಂದ್ರು. ನನಗೆ ಕಂಡಿದ್ದು ಕೆಂಪು ಹಳದಿ ಹೂವಿನ ಪೊದೆ ಮಾತ್ರ. ವರ್ಷಕ್ಕೊಂದ್ಸಲ ಪೂಜೆಗೆ ಹೋಗೋವಾಗ ಹುಡುಗ್ರು ನಾಲ್ಕೈದು ಜನ ಹಿಂದಿನ ದಿನಾನೇ ಮಚ್ಚು ಹಿಡ್ಕೊಂಡು ಹೋಗಿ ದಾರಿ ಕಡಿದು ಬರ್ತಾರಂತೆ, ಮುಂದಿನ ವರ್ಷದೊಳಗೆ ಮತ್ತೆ ಮುಚ್ಕೊಳ್ತದೆ.