ಆ ಚೀಸ್ ಎಳೆ
ಇವತ್ತು ಮತ್ತೆ ‘ಬೈಸಿಕಲ್ ಥೀವ್ಸ್’ ನೋಡಿದೆ. 1948ರ ಇಟಲಿಯ ಸಿನಿಮಾ, ನಿರ್ದೇಶಕ ಡಿ ಸಿಕಾ ಅವರದ್ದು. ಕೆಲಸಕ್ಕೆ ಬೇಕೇಬೇಕಾದ ಸೈಕಲ್ ಕಳುವಾಗಿ, ಅಪ್ಪ ಮಗ ಅದನ್ನು ಹುಡುಕುತ್ತಾ ಅಲೆಯುವ ಕತೆ.

ಎಲ್ಲರೂ ಕೊನೆಯ ದೃಶ್ಯದ ಬಗ್ಗೆ ಮಾತಾಡುತ್ತಾರೆ. ನನಗೆ ಹೋಟೆಲಿನ ದೃಶ್ಯವೇ ಇಷ್ಟ. ಸೈಕಲ್ ಸಿಕ್ಕಿಲ್ಲ, ಕೈಯಲ್ಲಿ ದುಡ್ಡೂ ಜಾಸ್ತಿ ಇಲ್ಲ. ಆದರೂ ಅಪ್ಪ ಮಗನನ್ನು ಊಟಕ್ಕೆ ಕರೆದುಕೊಂಡು ಹೋಗುತ್ತಾನೆ. ಪಕ್ಕದಲ್ಲಿ ಶ್ರೀಮಂತರ ಮನೆಯ ಹುಡುಗ. ನಮ್ಮ ಹುಡುಗ, ಅಂದರೆ ಮಗ ಬ್ರೂನೋಗೆ ಚಾಕು, ಫೋರ್ಕು ಹಿಡಿಯಲು ಬರುವುದಿಲ್ಲ. ಕೈಯಲ್ಲೇ ತಿನ್ನುತ್ತಾನೆ. ಬಾಯಿಂದ ಚೀಸ್ ಉದ್ದಕ್ಕೆ ಎಳೆ ಎಳೆಯಾಗಿ ಬರುತ್ತದೆ. ಹಾಗೆ ಎಳೆಯುತ್ತಲೇ ಆ ಶ್ರೀಮಂತ ಹುಡುಗನ ಕಡೆ ಒಮ್ಮೆ ತಿರುಗಿ ನೋಡುತ್ತಾನೆ ನೋಡಿ, ಅಬ್ಬಾ! ಬಡತನದ ಬಗ್ಗೆ ಒಂದು ಮಾತೂ ಬೇಕಾಗಿಲ್ಲ ಅಲ್ವಾ?

ಅಪ್ಪನ ಪಾತ್ರ ಮಾಡಿದವರು ನಿಜಕ್ಕೂ ಕಾರ್ಖಾನೆ ಕೆಲಸಗಾರರು. ಅದಕ್ಕೇ ಆ ಮುಖದ ದಣಿವು ನಟನೆ ಅನ್ನಿಸುವುದೇ ಇಲ್ಲ.

ಕನ್ನಡ ಸಿನಿಮಾ ‘ತಿಥಿ’ಯ ಗಡ್ಡಪ್ಪನೂ ಹಾಗೇ. ಸುಮ್ನೆ ನಡೆಯುತ್ತಾ ಇರುತ್ತಾನೆ. ಆ ನಡಿಗೆಯಲ್ಲೇ ಇಡೀ ಮನುಷ್ಯ ಗೊತ್ತಾಗುತ್ತಾನೆ.

‘ಇಂಟರ್‌ಸ್ಟೆಲ್ಲರ್’ ನನಗೆ ಅರ್ಧ ಇಷ್ಟ. ಮನೆಯವರು ಭೂಮಿಯಿಂದ ಕಳಿಸಿದ 23 ವರ್ಷಗಳ ವಿಡಿಯೋ ಸಂದೇಶಗಳನ್ನು ಬಾಹ್ಯಾಕಾಶದಲ್ಲಿರುವ ಅಪ್ಪ ಒಟ್ಟಿಗೇ ನೋಡುವಾಗ ಪ್ರತಿ ಸಲ ಅಳು ಬರುತ್ತದೆ. ಕೊನೆಗೆ ಎಲ್ಲವನ್ನೂ ಬಿಡಿಸಿ ಹೇಳುತ್ತಾರಲ್ಲ, ಅದು ಬೇಡವಾಗಿತ್ತು.

ಬಿಡಿಸಿ ಹೇಳದೆ ಕೆಲಸ ಮಾಡುವುದು ನೋಡಬೇಕೆಂದರೆ 1957ರ ‘ಟ್ವೆಲ್ವ್ ಆಂಗ್ರಿ ಮೆನ್’ ನೋಡಿ. ಹೆಚ್ಚುಕಡಿಮೆ ಒಂದೇ ಕೋಣೆ, ಕೊಲೆ ಕೇಸಿನ ತೀರ್ಪು ಹೇಳಬೇಕಾದ ಹನ್ನೆರಡು ಜನ, ಸೆಕೆ. ಕತೆ ಬಿಗಿಯಾದಂತೆ ಕ್ಯಾಮೆರಾ ಕೆಳಗಿಳಿಯುತ್ತಾ ಹೋಗುತ್ತದೆ, ಗೋಡೆಗಳು ಹತ್ತಿರ ಬಂದಂತೆ ಕಾಣುತ್ತವೆ. ಉಸಿರು ಕಟ್ಟುತ್ತದೆ. ಯಾಕೆ ಅಂತ ನೋಡುವಾಗ ಗೊತ್ತಾಗುವುದಿಲ್ಲ.

ನೋಡಿಲ್ಲದವರು ಈ ವಾರವೇ ನೋಡಿ. ಆಮೇಲೆ ಮಾತಾಡೋಣ.